ಪರದೇಶದ ವಿದ್ಯಾರ್ಥಿಗೆ ಪುಣೆಯಲ್ಲಿ ಒಂದು ಕೊಠಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಅವರು ಊರು ಬಿಟ್ಟು ಮಹಾನಗರಕ್ಕೆ ಬಂದು ನೆಲಸಿದ್ದರೆ, ‘ಬಾಡಿಗೆಗೆ ಕೊಠಡಿ ಹುಡುಕಿ ನೋಡು’ ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸುತ್ತಿದ್ದರೇನೋ. ಮುಂಬಯಿ, ಪುಣೆಗಳಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗನಿಗೆ ಈ ಕಷ್ಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ರಾತ್ರಿ ಗಿರಾಕಿಗಳು ಹೋದ ಮೇಲೆ ಹೋಟೆಲಿನ ಮೇಜುಗಳನ್ನು ಬದಿಗೆ ಸರಿಸಿ ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಚಾಳಿನ ಒಂದೇ ಖೋಲಿಯನ್ನು ಎಂಟು ಹತ್ತು ಜನ ಪಾಳಿಯಂತೆ ಹಂಚಿಕೊಂಡು, ಹಗಲು ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿ, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ಎಷ್ಟು ಮಂದಿಯಿಲ್ಲ! ‘ಯಾವ ಊರು? ಯಾವ ಜಾತಿ? ಏನು ತಿನ್ನುತ್ತೀರಿ? ಒಬ್ಬರೇ ಇರುವವರೋ, ಸಂಸಾರ ಉಂಟೋ?’ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದೆ ಈ ನಗರಗಳಲ್ಲಿ ತಲೆಯ ಮೇಲೆ ಸೂರು ಪಡೆದವರು ವಿರಳ.

ಇಂದು ಅದೇ ಪ್ರಶ್ನೆಗಳನ್ನು ಇನ್ನೊಬ್ಬನು ಎದುರಿಸುತ್ತಿದ್ದಾನೆ. ಅವನು ಸಮುದ್ರದಾಚೆಯಿಂದ ಓದಲೆಂದು ಬಂದವನು. ನಮ್ಮ ಭಾಷೆ ಅವನಿಗೆ ತಿಳಿಯದು. ಊರಿನವರು ಯಾರೂ ಹತ್ತಿರವಿಲ್ಲ. ಬಣ್ಣವೋ ಉಡುಪೋ ಅವನನ್ನು ದೂರದಿಂದಲೇ ಪರಕೀಯನೆಂದು ಸಾರುತ್ತದೆ. ಈ ಪರದೇಶದ ವಿದ್ಯಾರ್ಥಿಯ ವಸತಿಯ ಪ್ರಶ್ನೆಯನ್ನು ಕುರಿತು ವಾಚಕರ ಮುಂದೆ ಕೆಲವು ವಿಚಾರಗಳನ್ನಿಡುವುದು ಈ ಲೇಖನದ ಉದ್ದೇಶ. ಅವನಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವು ಮುಂದೆ ತಾನಾಗಿಯೇ ದೊರೆಯುವುದು.

ಪುಣೆಗೇ ಏಕೆ ಬರುತ್ತಾರೆ?

ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ನೆಯ ಶೈಕ್ಷಣಿಕ ವರ್ಷದಲ್ಲಿ ಭಾರತದಲ್ಲಿ ಓದುತ್ತಿದ್ದ ವಿದೇಶೀ ವಿದ್ಯಾರ್ಥಿಗಳ ಸಂಖ್ಯೆ 46,878. ಇವರಲ್ಲಿ ನೂರಕ್ಕೆ ಸುಮಾರು 28 ಮಂದಿ ನೇಪಾಳದವರು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ್ ಮೊದಲಾದ ನೆರೆಯ ದೇಶಗಳಿಂದಲೂ, ಅರಬ್ ಮತ್ತು ಆಫ್ರಿಕದ ದೇಶಗಳಿಂದಲೂ ಬರುವವರು ಅನೇಕರು. ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತನ್ನು ಮೌಲಾನಾ ಆಜಾದರು 1950ರಲ್ಲಿ ಸ್ಥಾಪಿಸಿದಂದಿನಿಂದ, ಅದರ ವಿದ್ಯಾರ್ಥಿವೇತನ ಪಡೆದು ಬಂದವರೂ ಉಂಟು. ತಂದೆಯ ಅಂಗಡಿಯನ್ನೋ ತಾಯಿಯ ಒಡವೆಯನ್ನೋ ಒತ್ತೆಯಿಟ್ಟು ಬಂದವರೂ ಉಂಟು.

ಪುಣೆಯು ಬಹುಕಾಲದಿಂದ ವಿದ್ಯೆಯ ಊರು. ಫರ್ಗ್ಯುಸನ್ ಕಾಲೇಜು 1885ರಲ್ಲಿ ಆರಂಭವಾಯಿತು. ಪುಣೆ ವಿಶ್ವವಿದ್ಯಾಲಯವು 1949ರಲ್ಲಿ ಹುಟ್ಟಿ, 2014ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರನ್ನು ಧರಿಸಿತು. ಮುಂಬಯಿಗಿಂತ ಕಡಿಮೆ ಬಾಡಿಗೆ, ಹಿತವಾದ ಹವೆ, ಇಂಗ್ಲಿಷಿನಲ್ಲಿ ಪಾಠ - ಇವು ಇರಾನ್, ಯೆಮನ್, ಸೂಡಾನ್, ಅಫ್ಘಾನಿಸ್ತಾನಗಳ ತರುಣರನ್ನು ದಶಕಗಳಿಂದ ಇಲ್ಲಿಗೆ ಎಳೆದು ತಂದಿವೆ. ಕ್ಯಾಂಪ್, ಕೊಂಢವಾ ಮೊದಲಾದ ಬಡಾವಣೆಗಳಲ್ಲಿ ಸಂಜೆ ಅಡ್ಡಾಡಿದವರಿಗೆ ಈ ಮಾತು ಹೊಸದಲ್ಲ.

ಕಿಟಕಿಯಿಂದ ಬಂದ ಊಟ

ಪುಣೆಯ ಪ್ರಖ್ಯಾತ ಸಿಂಬಯಾಸಿಸ್ ಸಂಸ್ಥೆಯು ಇಂದು ದೊಡ್ಡ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಆದರೆ ಅದು ಹುಟ್ಟಿದುದು ಪರದೇಶದ ಒಬ್ಬ ವಿದ್ಯಾರ್ಥಿಯ ಕಾಯಿಲೆಯ ದೆಸೆಯಿಂದ ಎಂಬುದು ಹಲವರಿಗೆ ತಿಳಿಯದು. ಕರ್ನಾಟಕದ ಗಡಿಗೆ ಹತ್ತಿರದ ಗಡಹಿಂಗ್ಲಜದಲ್ಲಿ ಜನಿಸಿದ ಶಾಂ. ಬ. ಮುಜುಮದಾರರು ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಹುಡುಗರ ವಸತಿಗೃಹದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದರು. ಒಬ್ಬ ತರುಣಿಯು ವಸತಿಗೃಹದ ಕೊಠಡಿಯೊಂದರ ಕಿಟಕಿಯ ಬಳಿ ಬಂದು ಏನನ್ನೋ ಒಳಗೆ ಕೊಟ್ಟು ಹೋಗುವುದು ಅವರ ಕಣ್ಣಿಗೆ ಬಿತ್ತು. ವಸತಿಗೃಹದ ಶಿಸ್ತು ಕೆಡುತ್ತಿದೆಯೆಂಬ ಶಂಕೆಯಿಂದ ವಿಚಾರಿಸಿದಾಗ ತಿಳಿದುಬಂದುದು ಬೇರೆಯೇ ಸಂಗತಿ. ಒಳಗಿದ್ದವನು ಮಾರಿಷಸ್ ದೇಶದ ವಿದ್ಯಾರ್ಥಿ, ಕಾಮಾಲೆಯಿಂದ ಮಲಗಿದ್ದನು. ಆತನಿಗೆ ಪಥ್ಯದ ಊಟ ಮಾಡಿಕೊಡುವವರು ಯಾರೂ ಇರಲಿಲ್ಲ. ಹುಡುಗರ ವಸತಿಗೃಹದೊಳಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕಾರಣ ಆ ತರುಣಿ ಕಿಟಕಿಯಿಂದಲೇ ಊಟ ಕೊಡುತ್ತಿದ್ದಳು.

ಆ ದೃಶ್ಯವು ಮುಜುಮದಾರರ ಮನಸ್ಸನ್ನು ಕಲಕಿತು. ಪರದೇಶದ ಮಕ್ಕಳು ನಮ್ಮ ಊರಿಗೆ ಬಂದು ಇಷ್ಟು ಒಂಟಿಯಾಗಿ ಬಾಳುವರೇ ಎಂಬ ಸಂಕಟದಿಂದ, ಅವರಿಗೂ ನಮ್ಮವರಿಗೂ ನಂಟು ಬೆಳೆಸುವ ಕೇಂದ್ರವಾಗಿ 1971ರಲ್ಲಿ ಸಿಂಬಯಾಸಿಸ್ ಆರಂಭವಾಯಿತು. ಕಾಲೇಜುಗಳೂ ಕಟ್ಟಡಗಳೂ ಆಮೇಲೆ ಬಂದವು. ಮೊದಲು ಬಂದುದು ಒಂದು ತಟ್ಟೆ ಊಟದ ವಿಚಾರ. ಹೋಟೆಲಿನಲ್ಲಿ ದುಡಿಯುವ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಬಿಡಿಸಲಾಗದ ಗಂಟು

ಎಲ್ಲ ವಿದ್ಯಾರ್ಥಿಗಳಿಗೂ ವಸತಿಗೃಹದಲ್ಲಿ ಸ್ಥಳ ದೊರೆಯುವುದಿಲ್ಲ. ದೊರೆಯದವನು ಊರಿನಲ್ಲಿ ಕೊಠಡಿ ಹುಡುಕಬೇಕು. ಇಲ್ಲಿಂದ ಅವನ ವನವಾಸ ಆರಂಭ.

ಮೊದಲನೆಯ ದಿನ ಅವನು ಲಾಜಿಗೆ ಹೋಗುವನು. ಸಣ್ಣ ಲಾಜುಗಳಲ್ಲಿ ಹಲವು ಪಾಸ್‌ಪೋರ್ಟನ್ನು ಕಂಡೊಡನೆಯೇ ‘ಜಾಗವಿಲ್ಲ’ ಎಂದು ಬಾಗಿಲು ತೋರಿಸುತ್ತವೆ. ಕಾರಣ ದ್ವೇಷವಲ್ಲ, ತಕರಾರಿನ ಭಯ. ಎರಡನೆಯ ದಿನ ದಲಾಲನು ಸಿಗುವನು. ಊರಿನ ಹುಡುಗನಿಗೆ ಹೇಳುವ ಬಾಡಿಗೆ ಒಂದು, ಇವನಿಗೆ ಹೇಳುವುದು ಇನ್ನೊಂದು. ಮೂರನೆಯ ದಿನ ಮನೆ ಒಪ್ಪಿಗೆಯಾದರೆ ನಾಲ್ಕನೆಯ ದಿನ ಸೊಸೈಟಿಯ ಕಾರ್ಯದರ್ಶಿಯು ‘ಒಂಟಿ ಹುಡುಗರಿಗೂ ಹೊರದೇಶದವರಿಗೂ ನಮ್ಮಲ್ಲಿ ಕೊಡುವುದಿಲ್ಲ’ ಎನ್ನುವನು.

ಇದರ ನಡುವೆ ಕಾನೂನಿನ ಗಡಿಯಾರವು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. 180 ದಿನಗಳಿಗೆ ಮೀರಿದ ವೀಸಾ ಪಡೆದು ಬಂದ ವಿದ್ಯಾರ್ಥಿಯು ದೇಶಕ್ಕೆ ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಗೆ ವಾಸದ ವಿಳಾಸ ಬೇಕು. ವಿಳಾಸಕ್ಕೆ ದಾಖಲೆ ಬೇಕು. ದಾಖಲೆಗೆ ಮನೆಯೊಡೆಯನ ಕರಾರುಪತ್ರ ಬೇಕು. ಮನೆಯೊಡೆಯನೋ ‘ಮೊದಲು ನಿನ್ನ ನೋಂದಣಿಯ ಕಾಗದ ತೋರಿಸು’ ಎನ್ನುವನು. ಆಧಾರ್ ಚೀಟಿ ಕೇಳುವವರೂ ಇದ್ದಾರೆ. ಆದರೆ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಾಗಿದ್ದವನಿಗೆ ಮಾತ್ರ ಆಧಾರ್ ದೊರೆಯುತ್ತದೆಂಬ ನಿಯಮವಿರುವಾಗ, ನಿನ್ನೆ ವಿಮಾನದಿಂದಿಳಿದವನು ಅದನ್ನು ಎಲ್ಲಿಂದ ತರಬೇಕು? ಹೀಗೆ ಒಂದು ಕಾಗದವು ಇನ್ನೊಂದನ್ನು ಕೇಳುತ್ತದೆ, ಆ ಇನ್ನೊಂದು ಮೊದಲನೆಯದನ್ನೇ ಕೇಳುತ್ತದೆ. ನಮಗೆ ಕೊಠಡಿ ಸಿಗದಿದ್ದರೆ ಹೋಟೆಲಿನ ನೆಲವಾದರೂ ಇತ್ತು, ಊರಿಗೆ ಹೋಗುವ ಬಸ್ಸಾದರೂ ಇತ್ತು. ಇವನಿಗೆ ಕೊಠಡಿ ಇಲ್ಲವೆಂದರೆ ಈ ದೇಶದಲ್ಲಿರುವ ಅಧಿಕಾರಕ್ಕೇ ಕುತ್ತು.

ಸ್ವದೇಶದಲ್ಲಿ ಯುದ್ಧ ಹತ್ತಿಕೊಂಡರಂತೂ ಕಷ್ಟಕ್ಕೆ ಮಿತಿಯಿಲ್ಲ. 2021ರ ಆಗಸ್ಟಿನಲ್ಲಿ ಕಾಬೂಲ್ ನಗರವು ತಾಲಿಬಾನಿನ ವಶವಾದಾಗ ಪುಣೆಯಲ್ಲಿದ್ದ ಅಫ್ಘಾನ್ ವಿದ್ಯಾರ್ಥಿಗಳಿಗೆ ಮನೆಯಿಂದ ಹಣ ಬರುವುದು ದುಸ್ತರವಾಯಿತು. ವೀಸಾದ ಅವಧಿ ತೀರುತ್ತ ಬಂದವರು ದಿಕ್ಕು ತೋಚದೆ ಕುಳಿತರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಅಲ್ಲಿಯ ಮಕ್ಕಳ ಪಾಡೂ ಅದೇ ಆಯಿತು. ತಿಂಗಳ ಒಂದನೆಯ ತಾರೀಖು ಮಾತ್ರ ಯಾವ ಯುದ್ಧಕ್ಕೂ ಕಾಯದೆ ಬರುತ್ತದೆ.

ನಮ್ಮವರು ಹೊರಗೆ ಅಲೆದ ಕಥೆ

ಇದು ಹೊಸ ಕಥೆಯಲ್ಲ. ಒಂದು ಕಾಲದಲ್ಲಿ ನಮ್ಮವರದೇ ಕಥೆ. 1888ರಲ್ಲಿ ಲಂಡನ್ನಿಗೆ ಕಾನೂನು ಓದಲು ಹೋದ ಮೋಹನದಾಸ ಗಾಂಧಿಯವರು ಮೊದಲು ಇಳಿದುದು ವಿಕ್ಟೋರಿಯಾ ಹೋಟೆಲಿನಲ್ಲಿ. ಅಲ್ಲಿಯ ಬಿಲ್ಲು ಮೂರು ಪೌಂಡು ಎಂದು ಕೇಳಿ ಅವರು ಬೆಚ್ಚಿದರು. ಬಳಿಕ ಬಿಡಾರದಿಂದ ಬಿಡಾರಕ್ಕೆ ಬದಲಾಯಿಸುತ್ತ, ಮನೆಯೊಡತಿ ಕೊಟ್ಟ ಸಪ್ಪೆ ಊಟದಿಂದ ಹೊಟ್ಟೆ ತುಂಬದೆ, ಬೀದಿ ಬೀದಿ ಅಲೆದು ಶಾಕಾಹಾರದ ಹೋಟೆಲೊಂದನ್ನು ಕಂಡುಹಿಡಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೆ ವೆಚ್ಚ ಕಡಿಮೆ ಮಾಡಲು ಒಂದೇ ಕೊಠಡಿಯಲ್ಲಿದ್ದು ಸ್ವತಃ ಅಡಿಗೆ ಮಾಡಿಕೊಳ್ಳತೊಡಗಿದರು.

ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಗೌರವದ ವಸತಿ ದೊರೆಯುವುದು ಕಷ್ಟವೆಂಬುದನ್ನು ಕಂಡ ಶ್ಯಾಮಜಿ ಕೃಷ್ಣವರ್ಮರು 1905ರಲ್ಲಿ ಹೈಗೇಟ್ ಬಡಾವಣೆಯಲ್ಲಿ ‘ಇಂಡಿಯಾ ಹೌಸ್’ ಎಂಬ ವಸತಿಗೃಹವನ್ನು ತೆರೆದರು. ವಿದ್ಯಾರ್ಥಿಗಳಿಗೆ ಮಲಗಲು ಸ್ಥಳವೆಂದು ಆರಂಭವಾದ ಆ ಮನೆಯು ಸ್ವಾತಂತ್ರ್ಯದ ಕಿಡಿಗಳ ಬೀಡಾಯಿತು. ಬಣ್ಣದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಆ ದೇಶವು ಕಾನೂನಿನಿಂದ ತಡೆದುದು 1968ರಲ್ಲಿ. ಅಲ್ಲಿಯವರೆಗೂ ‘ಕಪ್ಪು ಜನರಿಗೆ ಇಲ್ಲ’ ಎಂಬ ಫಲಕಗಳನ್ನು ಓದಿ ಮರಳಿ ಬಂದವರಲ್ಲಿ ಭಾರತೀಯರೂ ಇದ್ದರು.

ಆದರೆ ಪರದೇಶವನ್ನಷ್ಟೇ ದೂರಿದರೆ ಸಾಲದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನಲ್ಲಿಯೂ ಓದಿದ ಡಾಕ್ಟರ್ ಅಂಬೇಡ್ಕರರು 1917ರಲ್ಲಿ ಬಡೋದೆ ಸಂಸ್ಥಾನದ ಸೇವೆಗೆಂದು ಮರಳಿದಾಗ, ಆ ಊರಿನಲ್ಲಿ ಅವರಿಗೆ ಒಂದು ಕೊಠಡಿ ಸಿಗಲಿಲ್ಲ. ಪಾರಸಿಗಳ ಧರ್ಮಶಾಲೆಯಲ್ಲಿ ಪಾರಸಿ ಹೆಸರಿನಿಂದ ಕೆಲವು ದಿನ ಇದ್ದರು. ಗುಟ್ಟು ಬಯಲಾದೊಡನೆ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಮಿತ್ರರ ಮನೆಗಳಲ್ಲಿಯೂ ಆಶ್ರಯ ದೊರೆಯದೆ, ಉದ್ಯಾನವೊಂದರಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹಿಂದಿರುಗಿದರು. ಮುಂದೆ ಅವರು ಲಂಡನ್ನಿನಲ್ಲಿ ವ್ಯಾಸಂಗವನ್ನು ಮುಂದುವರಿಸಿದಾಗ 1921-22ರಲ್ಲಿ ವಾಸವಾಗಿದ್ದ, ಕಿಂಗ್ ಹೆನ್ರೀಸ್ ರಸ್ತೆಯ 10ನೆಯ ನಂಬರಿನ ಮನೆಯನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ಪರದೇಶವು ಕೊಟ್ಟ ಕೊಠಡಿ ಸ್ಮಾರಕವಾಯಿತು; ಸ್ವದೇಶವು ಕೊಡದ ಕೊಠಡಿ ಕಳಂಕವಾಗಿ ಉಳಿಯಿತು.

ನಮ್ಮ ಕರ್ನಾಟಕವೂ ಈ ವಿಷಯದಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸೂಡಾನಿನವನೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬಳು ತೀರಿಕೊಂಡಳು. ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದೆ ಆಮೇಲೆ ಅಲ್ಲಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು. ಬಣ್ಣವೊಂದೇ ಅವಳ ಅಪರಾಧ.

ಮನೆಯೊಡೆಯರು ತಿಳಿದಿರಬೇಕಾದುದು

ಒಂದು ಕಾಲದಲ್ಲಿ ಖೋಲಿ ಹುಡುಕಿ ಅಲೆದ ಕನ್ನಡಿಗರಲ್ಲಿ ಹಲವರು ಇಂದು ಪುಣೆಯ ಹೊರಬಡಾವಣೆಗಳಲ್ಲಿ ಒಂದೆರಡು ಕೊಠಡಿಗಳ ಫ್ಲಾಟಿಗೆ ಒಡೆಯರಾಗಿದ್ದಾರೆ. ನಿವೃತ್ತಿಯ ಹಣದಿಂದ ಕೊಂಡ ಮನೆಯನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸುವ ಗುಮಾಸ್ತರೂ ಇದ್ದಾರೆ. ಪರದೇಶದವನಿಗೆ ಮನೆ ಕೊಟ್ಟರೆ ಪೊಲೀಸರ ಕಾಟ ಎಂಬ ಭಯ ಇವರಲ್ಲಿ ಸಾಮಾನ್ಯ. ಕಾನೂನನ್ನು ಅರಿತವನಿಗೆ ಈ ಭಯಕ್ಕೆ ಕಾರಣವಿಲ್ಲ.

ಮೊದಲನೆಯದು ಕರಾರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಬರವಣಿಗೆಯಲ್ಲಿರಬೇಕು ಮತ್ತು ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಹೊಣೆ ಮನೆಯೊಡೆಯನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಅಷ್ಟೇ ಅಲ್ಲ, ವಿವಾದ ಬಂದರೆ ಷರತ್ತುಗಳ ಬಗೆಗೆ ಬಾಡಿಗೆದಾರನ ಮಾತೇ ನಡೆಯುವುದು. ಬಾಯಿಮಾತಿನ ಕರಾರು ವಿದ್ಯಾರ್ಥಿಗಿಂತ ಹೆಚ್ಚಾಗಿ ಒಡೆಯನಿಗೇ ಅಪಾಯ.

ಎರಡನೆಯದು ತಿಳಿವಳಿಕೆ ಕೊಡುವುದು. ಹೋಟೆಲ್ ವೃತ್ತಿಯಲ್ಲಿರುವವರಿಗೆ ‘ಸಿ ಫಾರಂ’ ಎಂಬ ಹೆಸರು ಪರಿಚಿತ. 2025ರ ಸೆಪ್ಟೆಂಬರ್ 1ರಿಂದ, 1946ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ. ಕಾಯಿದೆ ಬದಲಾದರೂ ತತ್ತ್ವ ಅದೇ: ವಿದೇಶೀಯನಿಗೆ ವಸತಿ ಕೊಟ್ಟವನು, ಅವನು ಬಂದ 24 ಗಂಟೆಗಳೊಳಗೆ ಅಧಿಕಾರಿಗೆ ತಿಳಿಸಬೇಕು. ಈಗ ಇದನ್ನು ಕಂಪ್ಯೂಟರಿನ ಮೂಲಕವೇ ಕಳುಹಿಸಬಹುದು. ಕಾನೂನು ಕೇಳುವುದು ಮಾಹಿತಿಯನ್ನೇ ಹೊರತು ನಿರಾಕರಣೆಯನ್ನಲ್ಲ. ಈ ವ್ಯತ್ಯಾಸವನ್ನು ಲಾಜಿನ ಗಲ್ಲಾದಲ್ಲಿ ಕುಳಿತ ನಮ್ಮ ಸೋದರರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಮೂರನೆಯದು ಸೊಸೈಟಿಯ ಶುಲ್ಕ. ಒಡೆಯನು ತಾನು ವಾಸಿಸದೆ ಮನೆಯನ್ನು ಬಾಡಿಗೆಗೆ ಕೊಟ್ಟಾಗ ಸೊಸೈಟಿಯು ವಸೂಲು ಮಾಡುವ ಹೆಚ್ಚಿನ ಹಣವು ಸೇವಾಶುಲ್ಕದ ನೂರಕ್ಕೆ ಹತ್ತನ್ನು ಮೀರಬಾರದೆಂದು ರಾಜ್ಯ ಸರಕಾರ 2001ರಲ್ಲಿಯೇ ಗೊತ್ತುಮಾಡಿದೆ. ಬಾಡಿಗೆದಾರನು ಪರದೇಶದವನೆಂಬ ಕಾರಣಕ್ಕೆ ಅದನ್ನು ಏರಿಸಲು ಅವಕಾಶವಿಲ್ಲ.

ನಾಲ್ಕನೆಯದು ಪಾಸ್‌ಪೋರ್ಟು. ಅದನ್ನು ಒತ್ತೆಯಂತೆ ಕಪಾಟಿನಲ್ಲಿ ಇಟ್ಟುಕೊಳ್ಳುವ ಕೆಟ್ಟ ವಾಡಿಕೆಯನ್ನು ಬಿಡಬೇಕು. ಪಾಸ್‌ಪೋರ್ಟು ಮತ್ತು ವೀಸಾದ ಪ್ರತಿಗಳನ್ನೂ ಕಾಲೇಜಿನ ಪ್ರವೇಶಪತ್ರದ ಪ್ರತಿಯನ್ನೂ ಪಡೆದರೆ ಸಾಕು. ಸಂಶಯವಿದ್ದರೆ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಲಿ. ತನ್ನಲ್ಲಿ ಓದುವ ವಿದೇಶೀಯರ ವಿವರವನ್ನು ಸರಕಾರಕ್ಕೆ ಕೊಡುವ ಹೊಣೆ ಕಾಲೇಜಿಗೂ ಇದೆ.

ವಿದ್ಯಾರ್ಥಿಯು ತಿಳಿದಿರಬೇಕಾದ ಸಂಗತಿಗಳೂ ಉಂಟು. ಮನೆಯನ್ನು ಕಣ್ಣಾರೆ ಕಾಣದೆ ಮುಂಗಡ ಹಣ ಕಳುಹಿಸಬಾರದು. ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಕರಾರಿನ ಪ್ರತಿ ತನ್ನಲ್ಲಿರಬೇಕು. ವಾಸ ಬದಲಾಯಿಸಿದಾಗ ನೋಂದಣಿ ಕಚೇರಿಗೆ ತಿಳಿಸಬೇಕು. ಬಾಡಿಗೆಯ ವಿಷಯದಲ್ಲಿ ಅವನಿಗೆ ಕಾನೂನಿನ ಆಸರೆ ಕಡಿಮೆ. ಹೋಟೆಲು, ಅಂಗಡಿಗಳಿಗೆ ಪ್ರವೇಶ ನಿರಾಕರಿಸಬಾರದೆನ್ನುವ ನಮ್ಮ ಸಂವಿಧಾನದ 15ನೆಯ ವಿಧಿಯೂ ಮಾತನಾಡುವುದು ‘ನಾಗರಿಕ’ನನ್ನು ಕುರಿತು, ಇವನು ನಾಗರಿಕನಲ್ಲ. ಆದುದರಿಂದ ಕಾನೂನು ತಲುಪದ ಸ್ಥಳದಲ್ಲಿ ನೆರೆಹೊರೆಯವರ ಸೌಜನ್ಯವೇ ತಲುಪಬೇಕಾಗಿದೆ.

ಹೋಟೆಲ್ ಕಾರ್ಮಿಕರು ಏನು ಮಾಡಬಲ್ಲರು?

‘ನಮಗೇ ಮಲಗಲು ಜಾಗವಿಲ್ಲ, ನಾವೇನು ಕೊಡೋಣ?’ ಎಂದು ಮಾಣಿಗಳು ಕೇಳಬಹುದು. ಕೊಡಲು ಜಾಗವೇ ಬೇಕೆಂದಿಲ್ಲ. ಈ ಲೇಖಕನು ಪುಣೆಯಲ್ಲಿ ಹೋಟೆಲ್ ನಡೆಸುತ್ತಿದ್ದ ದಿನಗಳಲ್ಲಿ ಯೆಮನ್ ದೇಶದ ತರುಣನೊಬ್ಬನು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದನು. ಸಾರಿನ ಖಾರ ತಾಳಲಾರದೆ ಅನ್ನಕ್ಕೆ ಮೊಸರನ್ನಷ್ಟೇ ಕಲಸಿ ತಿನ್ನುತ್ತಿದ್ದನು. ಕುಂದಾಪುರದ ಕಡೆಯ ನಮ್ಮ ಮಾಣಿಯೊಬ್ಬನು ಇದನ್ನು ಗಮನಿಸಿ, ಹೇಳದೆಯೇ ಅವನಿಗೆ ಒಗ್ಗರಣೆಯಿಲ್ಲದ ತೊವ್ವೆಯನ್ನು ಬಡಿಸತೊಡಗಿದನು. ತಿಂಗಳೊಳಗೆ ಆ ತರುಣನಿಗೆ ಕೊಠಡಿಯಿಲ್ಲ, ನಾಲ್ಕು ಮಂದಿ ಗೆಳೆಯರ ನಡುವೆ ಅಡಗಿ ಮಲಗುತ್ತಿದ್ದಾನೆ ಎಂಬುದೂ ಮಾಣಿಗೆ ತಿಳಿಯಿತು. ಪ್ರತಿದಿನ ಕಾಫಿಗೆ ಬರುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರಲ್ಲಿ ಅವನೇ ಮಾತೆತ್ತಿ, ಅವರ ಮಾಳಿಗೆಯ ಕೊಠಡಿಯನ್ನು ಕೊಡಿಸಿದನು. ‘ನಿನಗೇಕೋ ಇದೆಲ್ಲ ಉಸಾಬರಿ?’ ಎಂದು ಕೇಳಿದುದಕ್ಕೆ, ‘ಧಣಿಗಳೇ, ನಾನು ಬಂದ ಹೊಸದರಲ್ಲಿ ನನಗೂ ಹಿಂದಿ ಬರುತ್ತಿರಲಿಲ್ಲ’ ಎಂದಷ್ಟೇ ಹೇಳಿ ತಟ್ಟೆಗಳನ್ನೆತ್ತಿಕೊಂಡು ಹೋದನು. ಆ ತರುಣನು ಓದು ಮುಗಿಸುವವರೆಗೂ ಅದೇ ಮಾಳಿಗೆಯಲ್ಲಿದ್ದನು. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲವೆಂದು ಆ ಗುಮಾಸ್ತರು ಹೇಳುತ್ತಿದ್ದರು.

ಯಾರ ಮನೆಯಲ್ಲಿ ಕೊಠಡಿ ಖಾಲಿಯಿದೆ, ಯಾವ ದಲಾಲನು ನಂಬಿಕಸ್ಥ, ಯಾವ ಸೊಸೈಟಿಯ ಕಾರ್ಯದರ್ಶಿ ಸಜ್ಜನ - ಈ ಸುದ್ದಿ ಹೋಟೆಲಿನಲ್ಲಿ ಸೇರುವಷ್ಟು ಬೇರೆಲ್ಲಿಯೂ ಸೇರುವುದಿಲ್ಲ. ಫರ್ಗ್ಯುಸನ್ ಕಾಲೇಜ್ ರಸ್ತೆಯ ‘ವೈಶಾಲಿ’ಯನ್ನೇ ನೋಡಿರಿ. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿದ ಆ ಹೋಟೆಲಿನ ಮೇಜುಗಳ ಸುತ್ತ ಎಷ್ಟು ತಲೆಮಾರುಗಳ ವಿದ್ಯಾರ್ಥಿಗಳು ಸ್ನೇಹ ಬೆಳೆಸಿಲ್ಲ! ಪುಣೆಯ ವಿದ್ಯಾರ್ಥಿಜೀವನಕ್ಕೆ ಕನ್ನಡಿಗನು ಕೊಟ್ಟ ಕಾಣಿಕೆಯಲ್ಲಿ ದೋಸೆಯಷ್ಟೇ ಪಾಲು ಆ ಮೇಜಿಗೂ ಇದೆ. ಕಚೇರಿ, ಕಾಲೇಜುಗಳಲ್ಲಿ ಗುಮಾಸ್ತರಾಗಿರುವವರು ಅರ್ಜಿಯ ಯಾವ ಅಂಕಣದಲ್ಲಿ ಏನು ಬರೆಯಬೇಕೆಂದು ಐದು ನಿಮಿಷ ಬಿಡಿಸಿ ಹೇಳಿದರೆ, ಒಬ್ಬನ ಹದಿನೈದು ದಿನಗಳ ಅಲೆದಾಟ ತಪ್ಪುವುದು. ಕನ್ನಡ ಸಂಘಗಳು ತಮ್ಮ ಸದಸ್ಯರಲ್ಲಿ ಕೊಠಡಿ ಕೊಡಬಲ್ಲವರ ಒಂದು ಯಾದಿಯನ್ನು ಮಾಡಿ ಕಾಲೇಜುಗಳಿಗೆ ತಲುಪಿಸಿದರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ನಮ್ಮ ನಾಡಿನಲ್ಲಿ ವಾರಾನ್ನದ ಪದ್ಧತಿ ಇತ್ತು. ಬಡ ಹುಡುಗನು ದಿನಕ್ಕೊಂದು ಮನೆಯಂತೆ ಏಳು ಮನೆಗಳಲ್ಲಿ ಉಂಡು, ಜಗಲಿಯಲ್ಲಿ ಮಲಗಿ ಓದು ಮುಗಿಸುತ್ತಿದ್ದನು. ಆ ಏಳು ಮನೆಗಳಲ್ಲಿ ಯಾವುದೂ ಸಿರಿವಂತರ ಮನೆಯಾಗಿರಬೇಕೆಂದಿರಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಗೋಡೆ ಇತ್ತೆಂಬುದೂ ನಿಜ. ಗೋಡೆಯನ್ನು ಕೆಡವಿ ಜಗಲಿಯನ್ನು ಉಳಿಸಿಕೊಳ್ಳುವುದು ನಮ್ಮ ಕಾಲದ ಕೆಲಸ. ನಮ್ಮ ಮಕ್ಕಳೇ ಇಂದು ಲಂಡನ್, ಮ್ಯೂನಿಕ್, ಟೊರಾಂಟೊ ನಗರಗಳಿಗೆ ಓದಲು ಹೋಗುತ್ತಿದ್ದಾರೆ. ಅಲ್ಲಿ ಯಾವುದೋ ಮುದುಕಿ ಬಾಗಿಲು ತೆರೆದು ‘ಒಳಗೆ ಬಾ’ ಎನ್ನಲಿ ಎಂದು ಇಲ್ಲಿ ತಾಯಂದಿರು ದೇವರಿಗೆ ದೀಪ ಹಚ್ಚುತ್ತಾರೆ. ಸೂಡಾನಿನಲ್ಲಿಯೂ ಯೆಮನಿನಲ್ಲಿಯೂ ಇಂಥದೇ ತಾಯಂದಿರು ಕೈಯೊಡ್ಡಿ ಪ್ರಾರ್ಥಿಸುತ್ತಿರುವರು. ಅವರು ಬೇಡುವ ಬಾಗಿಲು ಪುಣೆಯಲ್ಲಿದೆ. ಅದರ ಬೀಗದ ಕೈ ಕೆಲವು ವೇಳೆ ಕನ್ನಡಿಗನ ಕಿಸೆಯಲ್ಲಿಯೇ ಇರುತ್ತದೆ.